ತಲೆದಿಂಬಲ್ಲೋ ಯಪ್ಪಾ, ಅದು!

ಕುತ್ತಿಗೆಗೆ ಪಟ್ಟಿ ಬಿದ್ದು ಇವತ್ತಿಗೆ 11 ದಿನ. ಬೆಳಗ್ಗೆ ಹಾಲು ತರಲು ಹೊರಬಿದ್ದರೆ ಸಾಕು, ಇಡೀ ಓಣಿ ಡಾಕ್ಟರಾಗುತ್ತದೆ. "ಏನ್ರೀ ಸರ, ಸ್ಪಾಂಡಿಲೈಟಿಸ್ಸಾ?" "ಗೋಣು ಹಿಡಕೊಂಡೈತೇನ್ರಿ? ಬಿಸಿ ಉಪ್ಪಿನ ಶಾಖ ಕೊಡ್ರಿ." ಮೊನ್ನೆ ಒಬ್ಬರು ನಿಲ್ಲಿಸಿ, ಮೊಬೈಲ್ ಜಾಸ್ತಿ ನೋಡಿದರೆ ಹೀಗೇ ಆಗುವುದು ಅಂತ ಹತ್ತು ನಿಮಿಷ ಉಪದೇಶ ಮಾಡಿದರು. ಅಷ್ಟೂ ಹೊತ್ತು ಅವರ ಕಣ್ಣು ಅವರ ಮೊಬೈಲ್ ಮೇಲೇ ಇತ್ತು.

ಹೀಗೆ ಗೋಣು ನೆಟ್ಟಗೆ ಮಾಡಿಕೊಂಡು ಕೂತಿರುವಾಗ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಆ ಫಾರ್ವರ್ಡ್ ಮತ್ತೆ ಬಂತು. ನಿಮಗೂ ಬಂದಿರುತ್ತದೆ ಬಿಡಿ. ಕಾರಿನ ಹೆಡ್‌ರೆಸ್ಟ್ ಕಿತ್ತು ಬರುವ ಹಾಗೆ ಯಾಕೆ ಮಾಡಿದ್ದಾರೆ ಗೊತ್ತೇ? ಕಾರು ನೀರಿಗೆ ಬಿದ್ದಾಗ ಅದರ ಸರಳಿನಿಂದ ಗಾಜು ಒಡೆದು ಹೊರಗೆ ಬರಲಿಕ್ಕೆ! ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ. ಕೆಳಗೆ ಕೈಮುಗಿದ ಚಿತ್ರ ನಾಲ್ಕು.

ನೀರಂತೆ! ಹುಬ್ಬಳ್ಳಿಯವರು ಕಾರು ಸಮೇತ ನೀರಿಗೆ ಬೀಳಬೇಕೆಂದರೆ ಉಣಕಲ್ ಕೆರೆಯವರೆಗಾದರೂ ಹೋಗಬೇಕು. ಆ ಟ್ರಾಫಿಕ್ಕಿನಲ್ಲಿ ಅಲ್ಲಿ ಮುಟ್ಟುವಷ್ಟರಲ್ಲಿ ಸಾಯುವ ಆಸೆಯೇ ಹೋಗಿರುತ್ತದೆ. ಗಾಜು ಒಡೆಯಲಿ ಅಂತ ಯಾರೂ ಹೆಡ್‌ರೆಸ್ಟ್ ಮಾಡಿಲ್ಲ. ಎತ್ತರ ಹೆಚ್ಚುಕಡಿಮೆ ಮಾಡಲು ಸರಳು ಬೇಕು. ಸರಳಿದ್ದ ಮೇಲೆ ಪೂರ್ತಿ ಎಳೆದರೆ ಹೊರಗೆ ಬರುತ್ತದೆ. ಅಷ್ಟೇ ಕಥೆ. ಅದಿರುವುದು ಕುತ್ತಿಗೆ ಉಳಿಸಲು ಅಂತ ಗ್ರೂಪಿನಲ್ಲಿ ಬರೆದೆ. ಯಾರೂ ತುಟಿ ಬಿಚ್ಚಲಿಲ್ಲ. ಐದು ನಿಮಿಷದ ಮೇಲೆ ಕಾಕಾ ಶುಭ ಮಂಗಳವಾರ ಅಂತ ಗಣಪತಿ ಫೋಟೋ ಹಾಕಿದರು.

ಆಗಿದ್ದು ಇಷ್ಟು. ಗದಗಿನಲ್ಲಿ ಮದುವೆ. ಕಾಕಾನ ಮಗನ ಕಾರು. ಕಾರಿನಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ನಮ್ಮ ಕಡೆ ಸಂವಿಧಾನಕ್ಕಿಂತ ಗಟ್ಟಿಯಾಗಿ ಬರೆದಿಟ್ಟಿದ್ದಾರೆ. ಮುಂದಿನ ಸೀಟು ಹೆಣ್ಣು ಕೊಟ್ಟ ಮಾವನವರಿಗೆ. ಹಿಂದೆ ಒಂದು ಕಿಟಕಿ ನನ್ನ ಹೆಂಡತಿಗೆ, ಅವಳಿಗೆ ವಾಂತಿ ಆಗುತ್ತದೆ. ಇನ್ನೊಂದು ಕಿಟಕಿ ಕಾಕುಗೆ, ಅವಳ ಮೊಣಕಾಲು ನೋವು. "ನೀ ತೆಳ್ಳಗ ಅದಿ, ನಡುವ ಕುಂದರ" ಅಂದರು. ಕುಂತೆ. ನಡುವಿನ ಸೀಟು ಅಂದರೆ ನಿಮಗೆ ಗೊತ್ತಲ್ಲ. ಕೆಳಗೆ ಕಾಲಿಡಲು ಜಾಗವಿಲ್ಲ, ಹಿಂದೆ ತಲೆಗೆ ಏನೂ ಇಲ್ಲ. ನಿಮ್ಮ ತಲೆಯ ಹಿಂದೆ ಇರುವುದು ಹಿಂಬದಿಯ ಗಾಜು, ಅದರಾಚೆ ದೇವರು.

ಅಣ್ಣಿಗೇರಿ ದಾಟಿದ ಮೇಲೆ ಒಂದು ಹಂಪು. ಬಣ್ಣವಿಲ್ಲ, ಬೋರ್ಡಿಲ್ಲ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪು ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗುಂಡಗೆ ನಿಧಾನ ಏರಿ ಇಳಿಯಬೇಕು. ನಮ್ಮ ಹಂಪುಗಳನ್ನು ನೋಡಿದರೆ ರಸ್ತೆಯಲ್ಲಿ ಮಲಗಿದ ಎಮ್ಮೆಯ ಮೇಲೆ ಡಾಂಬರು ಸುರಿದ ಹಾಗಿರುತ್ತದೆ. ತಮ್ಮ ಬ್ರೇಕ್ ಒತ್ತಿದ. ಹಿಂದೆ ಉಳ್ಳಾಗಡ್ಡಿ ತುಂಬಿದ ಸಣ್ಣ ಗೂಡ್ಸ್ ಗಾಡಿ ಬರುತ್ತಿತ್ತು. ಅವನೂ ಒತ್ತಿದ, ಸ್ವಲ್ಪ ತಡವಾಗಿ. ಡಬ್ ಅಂತು. ದೊಡ್ಡದೇನಲ್ಲ. ಬಂಪರ್ ಬಿರುಕು ಬಿಟ್ಟಿತು, ಎಂಟ್ಹತ್ತು ಉಳ್ಳಾಗಡ್ಡಿ ರಸ್ತೆಗೆ ಉರುಳಿದವು. ಮಂದಿ ಸೇರಿ ಮೊದಲು ಉಳ್ಳಾಗಡ್ಡಿ ಆರಿಸಿಕೊಂಡರು, ಆಮೇಲೆ "ಯಾರಿಗರ ಏನರ ಆತೇನ್ರಿ?" ಅಂದರು. ಮುಂದಿನ ಸೀಟಿನ ಮಾವನವರು ಹೆಡ್‌ರೆಸ್ಟಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದವರು ಕಣ್ಣು ಬಿಟ್ಟು, "ಹುಬ್ಬಳ್ಳಿ ಬಂತೇನಪಾ?" ಅಂತ ಕೇಳಿದರು.

ನನಗೂ ಆಗ ಏನೂ ಅನ್ನಿಸಲಿಲ್ಲ. ಮರುದಿನ ಬೆಳಗ್ಗೆ ಹಾಸಿಗೆಯಿಂದ ತಲೆ ಎತ್ತಲು ಹೋದೆ, ಅದು ಬರಲಿಲ್ಲ. ಎಕ್ಸ್‌ರೇ ತೆಗೆಸಿದರೆ ಎಲ್ಲ ನಾರ್ಮಲ್. ಈ ನೋವಿನ ಗುಣವೇ ಹಾಗಂತೆ. ಮೂಳೆ ಮುರಿದಿರುವುದಿಲ್ಲ, ಒಳಗಿನ ನರ, ಸ್ನಾಯು ಎಳೆದಿರುತ್ತವೆ. ಹೀಗಾಗಿ ಮನೆಯಲ್ಲೂ ಯಾರೂ ನಂಬುವುದಿಲ್ಲ.

ಡಾಕ್ಟರು ವಿಪ್‌ಲ್ಯಾಶ್ ಅಂದರು. ಬಾರುಕೋಲು ಬೀಸಿದ ಹಾಗೆ ಅಂತ ಅರ್ಥ. ಒಕ್ಕಲುತನದ ಮನೆಯಲ್ಲಿ ಬೆಳೆದವನಿಗೆ ಅದಕ್ಕಿಂತ ಹೆಚ್ಚು ಹೇಳುವುದು ಬೇಕಿಲ್ಲ. ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ನೂಕುತ್ತದೆ. ತಲೆ ಮಾತ್ರ ಇದ್ದಲ್ಲೇ ಇರುತ್ತದೆ. ದೊಡ್ಡವರ ತಲೆ ಹೆಚ್ಚುಕಡಿಮೆ 5 ಕಿಲೋ. ಒಳಗೆ ಏನೂ ಇಲ್ಲದವರದ್ದೂ ಅಷ್ಟೇ ತೂಗುತ್ತದೆ, ಅದೇ ಆಶ್ಚರ್ಯ. ಆ 5 ಕಿಲೋ ಹಿಂದೆ ಉಳಿದು, ಮೈ ಮುಂದೆ ಹೋದಾಗ, ನಡುವೆ ಕುತ್ತಿಗೆ ಹಾವಿನ ಹಾಗೆ ಬಳುಕುತ್ತದೆ. ಆಮೇಲೆ ತಲೆ ಹಿಂದಕ್ಕೆ ಬಾಗಿ ಮುಂದಕ್ಕೆ ಹಾರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಗೋಣು ಬಿಗಿ ಹಿಡಿಯಲು ಸಮಯವೇ ಸಿಗುವುದಿಲ್ಲ. ತಲೆಯ ಹಿಂದೆ ಏನಾದರೂ ಆಸರೆ ಇದ್ದರೆ ಅದೂ ಮೈ ಜೊತೆಗೇ ಮುಂದೆ ಬರುತ್ತದೆ.

ಆ ಆಸರೆಗೆ ಕಾನೂನಿನ ಪುಸ್ತಕದಲ್ಲಿ ಹೆಡ್ ರಿಸ್ಟ್ರೇಂಟ್ ಅಂತ ಹೆಸರು. ತಲೆಯನ್ನು ತಡೆದು ಹಿಡಿಯುವುದು. ನಾವು ಅದನ್ನು ಹೆಡ್‌ರೆಸ್ಟ್ ಅಂದೆವು, ರೆಸ್ಟ್ ಅಂದರೆ ವಿಶ್ರಾಂತಿ ಅಂದುಕೊಂಡೆವು, ವಿಶ್ರಾಂತಿ ಬೇಡದವರು ಅದನ್ನು ಕಿತ್ತಿಟ್ಟರು. ಅಮೆರಿಕದಲ್ಲಿ ಹೊಸ ಕಾರಿನ ಮುಂದಿನ ಸೀಟುಗಳಿಗೆ ಇದು ಕಡ್ಡಾಯವಾಗಿದ್ದು 1969ರ ಜನವರಿ 1ರಿಂದ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು ಅದಾಗಿ ಆರು ತಿಂಗಳಿಗೆ. 1997ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ, ಗುದ್ದಿದಾಗ ನಮ್ಮ ಬೆನ್ನಿನ ಒತ್ತಡಕ್ಕೇ ತಾನಾಗಿ ಮೇಲೆದ್ದು ತಲೆಯ ಹತ್ತಿರ ಬರುವ ಹೆಡ್‌ರೆಸ್ಟ್ ಮಾಡಿತು. ನಮ್ಮ ಊರಿನ ಆಕ್ಸೆಸರೀಸ್ ಅಂಗಡಿಗಳು ಅದನ್ನೂ ಮೀರಿಸಿವೆ. ಸೀಟ್ ಕವರ್ ಹೊಲಿಯುವಾಗ ಎತ್ತರ ಹೊಂದಿಸುವ ಬಟನ್ನನ್ನೇ ಒಳಗೆ ಹಾಕಿ ಹೊಲಿದುಬಿಡುತ್ತಾರೆ. ಇನ್ನು ಮೇಲಕ್ಕೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. "ಫಿನಿಶಿಂಗ್ ನೋಡ್ರಿ ಸರ!"

ಕಾರು ಕೊಳ್ಳುವಾಗಲೇ ಕೇಳಬೇಕಿತ್ತು ಅಂತೀರಾ? ತಮ್ಮನ ಜೊತೆ ಶೋರೂಮಿಗೆ ಹೋದಾಗ ನಾನೇ ಕೇಳಿದ್ದೆ, ನಡುವಿನ ಸೀಟಿಗೆ ಹೆಡ್‌ರೆಸ್ಟ್ ಇಲ್ವಾ ಅಂತ. ಆ ಹುಡುಗ ಅದುವರೆಗೆ ಸನ್‌ರೂಫ್ ತೋರಿಸುತ್ತಿದ್ದ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ತಲೆಯ ಮೇಲೊಂದು ಕಿಂಡಿ ಬೇಕು ಅಂತ ಯಾರಿಗೆ ಹೊಳೆಯಿತೋ ಅವರಿಗೆ ನಮಸ್ಕಾರ. ಹುಡುಗ ನನ್ನನ್ನು ಕನಿಕರದಿಂದ ನೋಡಿ, "ಅಲ್ಲಿ ಯಾರ್ ಕುಂದರ್ತಾರ್ರೀ ಸರ? ಇಲ್ಲಿ ನೋಡ್ರಿ, ಅದನ್ನ ಹಿಂಗ ಮಡಚಿದ್ರ ಆರ್ಮ್‌ರೆಸ್ಟ್ ಆಗತೈತಿ, ಎರಡು ಕಪ್ ಹೋಲ್ಡರ್ ಅದಾವು" ಅಂದ. ಬ್ರೇಕ್ ಹಾಕಿದಾಗ ಚಹಾ ಚೆಲ್ಲಬಾರದು. ಮನುಷ್ಯ ಚೆಲ್ಲಿದರೆ ಒರೆಸಬಹುದು.

ಹೆಡ್‌ರೆಸ್ಟಿಗೆ ನಿಜವಾದ ಮರ್ಯಾದೆ ನೋಡಬೇಕಾದರೆ ಸರ್ಕಾರಿ ಕಾರು ನೋಡಬೇಕು. ಬಿಳಿ ಟರ್ಕಿ ಟವೆಲ್! ನನಗೆ ಈ ಟವೆಲ್ ಮೇಲೆ ಮೊದಲಿನಿಂದಲೂ ಭಕ್ತಿ. ಸಾಹೇಬರು ಸ್ನಾನ ಮಾಡಿ ಒರೆಸಿಕೊಂಡೇ ಬಂದಿರುತ್ತಾರೆ, ಆದರೂ ಬೆನ್ನಿಗೊಂದು ಟವೆಲ್ ಬೇಕು. ಆಫೀಸಿನ ಕುರ್ಚಿಗೊಂದು, ಕಾರಿಗೊಂದು. ಕಾರ್ಪೊರೇಷನ್ ಆವರಣದಲ್ಲಿ ಕಾರು ಸಾಲಾಗಿ ನಿಂತಾಗ ಟವೆಲ್ಲಿನ ಬಿಳುಪು ನೋಡಿಯೇ ಯಾರು ಯಾರಿಗೆ ಸಲಾಂ ಹೊಡೆಯಬೇಕು ಅಂತ ಜವಾನರಿಗೆ ತಿಳಿಯುತ್ತದೆ. ಬೂದು ಬಣ್ಣಕ್ಕೆ ತಿರುಗಿದರೆ ಸಾಹೇಬರ ವರ್ಗಾವಣೆ ಹತ್ತಿರ ಬಂತು ಅಂತ ಅರ್ಥ. ಟವೆಲ್ ಇಲ್ಲದ ಕಾರಿನಿಂದ ಇಳಿದ ಅಧಿಕಾರಿಗೆ ಧಾರವಾಡದಲ್ಲಿ ಪೇಡೆ ಅಂಗಡಿಯವನೂ ಕೊಸರು ಹಾಕುವುದಿಲ್ಲ.

ಒಮ್ಮೆ ಇಂಥದೊಂದು ಕಾರಿನ ಚಾಲಕರನ್ನು ಕೇಳಿದೆ: "ಅಣ್ಣಾರ, ಹೆಡ್‌ರೆಸ್ಟ್ ಇಷ್ಟ ತಳಗ ಯಾಕ ಇಟ್ಟೀರಿ? ನಿಮ್ಮ ಸಾಹೇಬ್ರು ಆರಡಿ ಅದಾರ." ಅವರು ಸುತ್ತ ನೋಡಿ, "ಮ್ಯಾಲ ಎತ್ತಿದ್ರ ಟವೆಲ್ ಜಾರತೈತ್ರಿ" ಅಂದರು. ಹೆಡ್‌ರೆಸ್ಟಿನ ಮೇಲಿನ ಅಂಚು ನೆತ್ತಿಯ ಮಟ್ಟಕ್ಕೆ ಬರಬೇಕು, ಕಡಿಮೆ ಅಂದರೂ ಕಿವಿಯ ಮೇಲ್ತುದಿಗೆ. ತಲೆಗೂ ಅದಕ್ಕೂ ನಡುವೆ ಮೂರ್ನಾಲ್ಕು ಬೆರಳಿಗಿಂತ ಜಾಸ್ತಿ ಸಂದು ಇರಬಾರದು. ಕುತ್ತಿಗೆಯ ಬುಡಕ್ಕೆ ಬಿಟ್ಟರೆ ತಲೆ ಅದರ ಮೇಲಿಂದ ಹಿಂದಕ್ಕೆ ಉರುಳುತ್ತದೆ. ಅಂದರೆ ಜಿಲ್ಲೆಯ ಆಡಳಿತ ನಡೆಸುವ ಗೋಣುಗಳು ಒಂದು ಟವೆಲ್ ಜಾರದಿರಲಿ ಅಂತ ಒಡ್ಡಿಕೊಂಡು ಕೂತಿವೆ. ಇದಕ್ಕಿಂತ ತ್ಯಾಗ ಉಂಟೇ?

ಕಾರಿನೊಳಗಿನ ಸುರಕ್ಷತೆಯಲ್ಲಿ ನಮ್ಮ ಶ್ರದ್ಧೆ ಯಾವಾಗಲೂ ಹೀಗೇ. 2022ರ ಸೆಪ್ಟೆಂಬರಿನಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟು, ಬೆಲ್ಟ್ ಇರಲಿಲ್ಲ. ಅವತ್ತು ಇಡೀ ದೇಶ ತಂತಮ್ಮ ಕಾರಿನಲ್ಲಿ ಹಿಂದಿನ ಬೆಲ್ಟ್ ಎಲ್ಲಿದೆ ಅಂತ ಹುಡುಕಿತು. ಬಹಳ ಕಡೆ ಅದು ಸೀಟ್ ಕವರಿನ ಕೆಳಗಿತ್ತು. ಬೆಲ್ಟ್ ಹಾಕದಿದ್ದರೆ ಬೀಪ್ ಬೀಪ್ ಅನ್ನುತ್ತದಲ್ಲ, ಅದರ ಬಾಯಿ ಮುಚ್ಚಿಸಲು ಒಂದು ಕೊಕ್ಕೆ ಮಾರುತ್ತಿದ್ದರು. ಬೆಲ್ಟಿನ ಕೊಕ್ಕೆ ಮಾತ್ರ, ಬೆಲ್ಟಿಲ್ಲ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಅದನ್ನು ತೆಗೆದುಹಾಕಿ ಅಂತ ಆದೇಶ ಕೊಡಬೇಕಾಯಿತು. ಸಾಯುವುದಕ್ಕೂ ಆನ್‌ಲೈನ್ ಆರ್ಡರ್, ಮನೆಬಾಗಿಲಿಗೆ ಡೆಲಿವರಿ. ಅದೇ ವರ್ಷ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಆಷಾಢದ ಸೀರೆ ಸೇಲಿಗೂ ಅಂಥ ಪಾಳಿ ನೋಡಿಲ್ಲ. 2025ರಲ್ಲಿ ಮತ್ತೆ ಅದೇ ಅರ್ಧ. ತಪ್ಪು ಮಾಡಿ ಕಾದು ಕೂತವನಿಗೆ ಅರ್ಧ, ತಕ್ಷಣ ಕಟ್ಟಿದ ಪೆದ್ದನಿಗೆ ಪೂರ್ತಿ.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಗ್ಗೆ ಮಾತ್ರ ನಗೆಚಾಟಿಕೆ ಮಾಡಲು ನನಗೆ ಆಗುವುದಿಲ್ಲ. 2021ರ ಜನವರಿ 15, ಸಂಕ್ರಾಂತಿಯ ಮರುದಿನ. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು. ಇಟಿಗಟ್ಟಿ ಹತ್ತಿರ ಎದುರಿನಿಂದ ಟಿಪ್ಪರ್. ಅಲ್ಲಿ ಯಾವ ಹೆಡ್‌ರೆಸ್ಟೂ ಏನೂ ಮಾಡುತ್ತಿರಲಿಲ್ಲ, ಅದು ಗೊತ್ತು. ಆಗ ಅದು ಎರಡು ಲೇನಿನ ರಸ್ತೆ, ನಡುವೆ ಡಿವೈಡರ್ ಇರಲಿಲ್ಲ, ಟೋಲ್ ಮಾತ್ರ ಚೊಕ್ಕವಾಗಿ ವಸೂಲಿಯಾಗುತ್ತಿತ್ತು. ಎಷ್ಟು ಹೆಣ ಬಿದ್ದರೆ ಒಂದು ರಸ್ತೆ ಅಗಲ ಆಗುತ್ತದೆ ಅನ್ನುವ ಲೆಕ್ಕ ಯಾವ ಕಚೇರಿಯಲ್ಲಿ ಇಟ್ಟಿದ್ದಾರೋ. ಬೇಜಾರಾಗಿದೆ ಸ್ವಾಮಿ. ಹೆಣ ಬಿದ್ದರೆ ಶ್ರದ್ಧಾಂಜಲಿ, ಬೀಳದಿದ್ದರೆ ಅದು ಅಪಘಾತವೇ ಅಲ್ಲ. ನಡುವೆ ಗೋಣು ಹಿಡಿದುಕೊಂಡು ವರ್ಷಗಟ್ಟಲೆ ಒದ್ದಾಡುವವರನ್ನು ಯಾರೂ ಎಣಿಸುವುದೂ ಇಲ್ಲ.

ಎಣಿಸುವ ಮಾತು ಬಂತು ನೋಡಿ. ಇನ್ಶೂರೆನ್ಸ್ ಕಡೆಯವರು ಬಂದು ಬಂಪರಿನ 14 ಫೋಟೋ ತೆಗೆದರು. ಮೇಲಿಂದ, ಕೆಳಗಿಂದ, ಬಾಗಿ, ಕುಕ್ಕರಗಾಲಲ್ಲಿ ಕೂತು. ನಾನು ಪಕ್ಕದಲ್ಲೇ ಪಟ್ಟಿ ಕಟ್ಟಿಕೊಂಡು ನಿಂತಿದ್ದೆ. "ಸ್ವಲ್ಪ ಸರೀರಿ ಸರ, ನೆರಳು ಬೀಳಾಕತ್ತೈತಿ" ಅಂದರು. ಬಂಪರ್ ಹೊಸದು ಬಂದಿದೆ.

ಈ ಪಟ್ಟಿಯಿಂದ ಒಂದು ಲಾಭವೂ ಆಗಿದೆ, ಸುಳ್ಳು ಹೇಳಬಾರದು. ಗೋಣು ಹಾಕಲು ಬರುವುದಿಲ್ಲ. 22 ವರ್ಷದ ನೌಕರಿಯಲ್ಲಿ ಮೊದಲ ಸಲ ಮೀಟಿಂಗಿನಲ್ಲಿ ಸಾಹೇಬರು ಹೇಳಿದ್ದಕ್ಕೆಲ್ಲ ಗೋಣು ಅಲ್ಲಾಡಿಸದೆ ಕೂತಿದ್ದೇನೆ. ಎರಡು ಸಲ ಸಾಹೇಬರೇ ಗಾಬರಿಯಾಗಿ, "ಯಾಕ್ರೀ, ನಿಮ್ಮದೇನು ತಕರಾರ ಐತಿ?" ಅಂತ ಕೇಳಿದರು. ಇನ್ನೊಂದು ವಾರ ಪಟ್ಟಿ ಇದ್ದರೆ ನನಗೆ ಸ್ವಂತ ಅಭಿಪ್ರಾಯ ಇದೆ ಅಂತ ಆಫೀಸಿನಲ್ಲಿ ಸುದ್ದಿಯಾಗುತ್ತದೆ.

ನಿನ್ನೆ ಸಂಜೆ ಕಾಕುನ ಮನೆಗೆ ಹೋಗಿದ್ದೆ. ಕಾರಿನಲ್ಲಿ ಅವಳ ಕಡೆಯ ಹೆಡ್‌ರೆಸ್ಟ್ ಇರಲಿಲ್ಲ ಅನ್ನುವುದು ಆಮೇಲೆ ನೆನಪಾಗಿತ್ತು. ತುರುಬಿಗೆ ಒತ್ತುತ್ತದೆ ಅಂತ ಅವಳೇ ಮಗನಿಗೆ ಹೇಳಿ ತೆಗೆಸಿದ್ದಳು. ಅದನ್ನು ಹುಡುಕಿ ಹಾಕಿಸೋಣ ಅಂತ ಹೋದೆ. ಕಾಕು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಮದುವೆಯಿಂದ ಬಂದಾಗಿನಿಂದ ಗೋಣು ನೋವಂತೆ, ರಾತ್ರಿ ನಿದ್ದೆ ಇಲ್ಲವಂತೆ.

"ನಮ್ಮ ಅರಳಿ ದಿಂಬು ಭಾಳ ದಪ್ಪ ಆಗೇತೋ, ಅದಕ್ಕ ಹಿಂಗ ಆಗಾಕತ್ತೈತಿ. ಈಗ ಬದಲಿ ಮಾಡೇನಿ ನೋಡು" ಅಂತ ತಲೆಯ ಕೆಳಗಿನಿಂದ ಎಳೆದು ತೋರಿಸಿದಳು. ಕಪ್ಪು ಹೆಡ್‌ರೆಸ್ಟ್. ಎರಡೂ ಸರಳಿಗೆ ಹಳೇ ಇಳಕಲ್ ಸೀರೆಯ ತುಂಡು ಸುತ್ತಿ, ದಾರ ಕಟ್ಟಿದ್ದಳು, ಚುಚ್ಚಬಾರದು ಅಂತ.