ಪಂಚಾಯಿತಿ ದುಡ್ಡಿನಲ್ಲಿ ಮಕ್ಕಳಿಗೂ ಒಂದು ಪಾಲು ಬೇಕಾ?

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ನಮ್ಮ ರಾಜ್ಯದಲ್ಲಿ ಆದೇಶ ಬಂದು ಸುಮಾರು ಇಪ್ಪತ್ತು ವರ್ಷ ಆಯಿತು. ಹೆಚ್ಚಾಗಿ ನವೆಂಬರ್ ತಿಂಗಳಲ್ಲಿ ನಡೆಯುತ್ತದೆ. ಮಕ್ಕಳು ಕಷ್ಟ ಹೇಳುತ್ತಾರೆ, ದೊಡ್ಡವರು ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಸಾಕಾ, ಅಥವಾ ಪಂಚಾಯಿತಿ ಹಣದಲ್ಲಿ ಒಂದು ಪಾಲನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಮಕ್ಕಳೇ ತೀರ್ಮಾನಿಸಬೇಕಾ? ನಾನು ಇಂಥ ಕೆಲವು ಸಭೆಗಳಲ್ಲಿ ಕೂತಿದ್ದೇನೆ. ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ, ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ಪರ: ಪಾಲು ಕೊಡಲೇಬೇಕು

ಒಂದು ಸಭೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು ನಿಂತಳು. ಕೈಯಲ್ಲಿದ್ದ ಚೀಟಿ ನಡುಗುತ್ತಿತ್ತು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು, ಹೋದ ವರ್ಷವೂ ಇದನ್ನೇ ಹೇಳಿದ್ದೆವು ಅಂದಳು. ವೇದಿಕೆ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಎಷ್ಟು ಧೈರ್ಯದ ಹುಡುಗಿ ಅಂದರು. ಆಮೇಲೆ ಎಲ್ಲರಿಗೂ ಲಾಡು, ಖಾರ ಹಂಚಿದರು.

ಆ ಚಿಲಕಕ್ಕೆ ಎಷ್ಟು ಖರ್ಚಾಗುತ್ತಿತ್ತು? ಅವತ್ತಿನ ಶಾಮಿಯಾನ, ಹಾರ ತುರಾಯಿಗೆ ಅದಕ್ಕಿಂತ ಜಾಸ್ತಿ ಆಗಿತ್ತು.

ದೊಡ್ಡವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಓಟಿಲ್ಲದವರ ಮಾತಿಗೆ ಯಾರೂ ಹೆದರುವುದಿಲ್ಲ. ಮಗುವಿನ ಅಭಿಪ್ರಾಯಕ್ಕೆ ತೂಕ ಕೊಡಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ, ಭಾರತ 1992ರಲ್ಲೇ ಅದನ್ನು ಒಪ್ಪಿಕೊಂಡಿದೆ. ಪಂಚಾಯಿತಿಯಲ್ಲಿ ತೂಕ ಅಂದರೆ ದುಡ್ಡು ತಾನೆ? ಪರಿಶಿಷ್ಟರಿಗೆ, ಅಂಗವಿಕಲರಿಗೆ ಅಂತ ಈಗಾಗಲೇ ಪಾಲು ಎತ್ತಿಡುತ್ತಾರೆ. ಮಕ್ಕಳಿಗೂ ಎತ್ತಿಡಲಿ.

ಮಕ್ಕಳಿಗೆ ಏನು ಗೊತ್ತಾಗುತ್ತೆ ಅನ್ನುವವರಿಗೆ ಎರಡು ಮಾತು. ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ, ಅಲ್ಲಿಯವರೆಗೆ ದುಡಿದು ಮನೆ ಸಾಕುತ್ತಿದ್ದ ಇಪ್ಪತ್ತರ ಹುಡುಗನಿಗೂ ತಿಳಿವಳಿಕೆ ಸಾಲದು ಅಂತಲೇ ದೇಶ ನಂಬಿತ್ತು. ಇನ್ನು ಕುಂದಾಪುರದ ಕಡೆ 1990ರ ದಶಕದಲ್ಲೇ ಭೀಮ ಸಂಘದ ದುಡಿಯುವ ಮಕ್ಕಳು ಮಕ್ಕಳ ಪಂಚಾಯಿತಿ ಕಟ್ಟಿಕೊಂಡು, ತಾವೇ ಮಾಹಿತಿ ಕಲೆಹಾಕಿ ದೊಡ್ಡವರ ಮುಂದೆ ಇಟ್ಟರು. ಮಳೆಗಾಲದಲ್ಲಿ ಯಾವ ಕಾಲುಸಂಕ ಅಲ್ಲಾಡುತ್ತೆ ಅಂತ ದಿನಾ ಅದನ್ನು ದಾಟುವ ಮಗುವಿಗೆ ಗೊತ್ತಿರುವಷ್ಟು ಬೈಕಿನಲ್ಲಿ ಓಡಾಡುವ ಸದಸ್ಯರಿಗೆ ಗೊತ್ತಿರುವುದಿಲ್ಲ.

ವಿರೋಧ: ಪಾಲು ಬೇಡ, ಉತ್ತರ ಕೊಡಿ

ಆ ಹುಡುಗಿಯನ್ನು ನಾನೂ ಮರೆತಿಲ್ಲ. ಮರೆಯದೆ ಇರುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿಲಕ ಹಾಕಿಸುವುದು ದೊಡ್ಡವರ ಕರ್ತವ್ಯ, ಅಲ್ವಾ? 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಅಂದರೆ ಶೌಚಾಲಯಕ್ಕೆ ದುಡ್ಡಿನ ದಾರಿ ಇದ್ದೇ ಇತ್ತು, ಆ ಬಾಗಿಲಿನವರೆಗೆ ಯಾರೂ ಹೋಗಿ ನೋಡಲಿಲ್ಲ ಅಷ್ಟೇ. ಮಕ್ಕಳಿಗೆ ಅಂತ ಬೇರೆ ಗಂಟು ಕಟ್ಟಿಟ್ಟರೆ ನಾಳೆಯಿಂದ ಶಾಲೆಯ ನಲ್ಲಿ, ಕಾಂಪೌಂಡು, ಶೌಚಾಲಯ ಎಲ್ಲದಕ್ಕೂ ಒಂದೇ ಮಾತು ಬರುತ್ತದೆ: ನಿಮ್ಮ ಪಾಲು ಇದೆಯಲ್ಲ, ಅದರಲ್ಲೇ ಮಾಡಿಕೊಳ್ಳಿ. ಹಕ್ಕಾಗಿ ಸಿಗಬೇಕಾದದ್ದನ್ನು ಮಕ್ಕಳು ಪಾಕೆಟ್ ಮನಿಯಲ್ಲಿ ಕೊಂಡುಕೊಂಡ ಹಾಗಾಗುತ್ತದೆ.

ಆ ಗಂಟಿನ ಕೀಲಿ ಯಾರ ಕೈಯಲ್ಲಿರುತ್ತದೆ ಅನ್ನುವುದೂ ಯೋಚಿಸಬೇಕು. ಹೆಂಗಸರು ಸದಸ್ಯರಾಗಿ ಗೆದ್ದು ಬಂದ ಮೇಲೂ ಗಂಡಂದಿರು ಕುರ್ಚಿ ಪಕ್ಕ ಕೂತು ಆಡಳಿತ ನಡೆಸಿದ್ದನ್ನು ಊರೂರಲ್ಲಿ ನೋಡಿದ್ದೇವೆ. ಹದಿಮೂರು ವರ್ಷದ ಮಗುವಿನ ಪಕ್ಕ ಎಷ್ಟು ಜನ ಕೂರಬಹುದು! ನಿರ್ಣಯವನ್ನು ಯಾರೋ ದೊಡ್ಡವರು ಬರೆದುಕೊಡುತ್ತಾರೆ, ಚೆನ್ನಾಗಿ ಓದುವ ಮಗು ಓದುತ್ತದೆ, ಬಿಲ್ಲು ಕಂಟ್ರಾಕ್ಟರ್ ಹೆಸರಿಗೆ ಆಗುತ್ತದೆ. ಹೆಚ್ಚುಕಡಿಮೆ ಆದರೆ ತಪ್ಪು ಮಕ್ಕಳ ತಲೆಗೆ.

ಇನ್ನೊಂದು ಸಭೆಯಲ್ಲಿ ಒಬ್ಬ ಹುಡುಗ ಶಾಲೆ ಹತ್ತಿರದ ಗೂಡಂಗಡಿಯಲ್ಲಿ ಕದ್ದು ಸಾರಾಯಿ ಪ್ಯಾಕೆಟ್ ಮಾರುತ್ತಾರೆ ಅಂತ ಎದ್ದು ನಿಂತು ಹೇಳಿದ. ಸಂಜೆ ಅಂಗಡಿಯವನು ಅವನ ಮನೆ ಬಾಗಿಲಿಗೆ ಬಂದ. ಅಪ್ಪ ಕೂಲಿಯವರು, ಅದೇ ಅಂಗಡಿಯಲ್ಲಿ ಸಾಲ ಬೇರೆ ಇತ್ತು, ಮಗನಿಗೇ ಬೈದು ಸುಮ್ಮನಾದರು. ಆ ಹುಡುಗನಿಗೆ ಯಾವ ಪಾಲು ಕೊಟ್ಟರೆ ಆಗುತ್ತಿತ್ತು? ಅವನಿಗೆ ಬೇಕಿದ್ದದ್ದು ಹೆಸರಿಲ್ಲದ ಚೀಟಿ ಹಾಕಲು ಒಂದು ಪೆಟ್ಟಿಗೆ, ಮತ್ತೆ ಮಾರನೇ ದಿನವೇ ಅಂಗಡಿಗೆ ಹೋಗಿ ನೋಡುವ ಒಬ್ಬ ಅಧಿಕಾರಿ. ಬೆಳಗಿನ ಬಸ್ಸು ನಿಲ್ಲಿಸಲ್ಲ ಅನ್ನುವ ದೂರೂ ಹೀಗೇ. ಬಸ್ಸು ಪಂಚಾಯಿತಿಯದಲ್ಲ, ಎಷ್ಟು ದುಡ್ಡಿಟ್ಟರೂ ಸುಮ್ನೆ. ಯಾರಾದರೂ ಡಿಪೋಗೆ ಹೋಗಿ ಮ್ಯಾನೇಜರ್ ಎದುರು ಕೂರಬೇಕು.

ಅದಕ್ಕೇ ನನ್ನ ಮನಸ್ಸು ಕೊನೆಗೆ ಈ ಕಡೆಗೇ ವಾಲುತ್ತದೆ. ಮುಂದಿನ ಸಭೆ ಶುರುವಾಗುವುದು ಅತಿಥಿಗಳ ಭಾಷಣದಿಂದ ಬೇಡ, ಹಳೇ ಪುಸ್ತಕದಿಂದ ಆಗಲಿ. ಹೋದ ವರ್ಷ ಯಾರು ಏನು ಕೇಳಿದರು, ಯಾವ ತಾರೀಖಿಗೆ ಆಯಿತು, ಆಗದಿದ್ದರೆ ಯಾಕೆ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದ್ದು ನಿಂತು ಮಕ್ಕಳ ಮುಂದೆ ಓದಲಿ. ಮೊದಲ ಸಾಲಿನಲ್ಲೇ ಚಿಲಕ ಇರಲಿ.