ಅಡಿಕೆ ಉಣ್ಣುವವನ ಅರ್ಜಿ

ಮಲಯಾಳದಲ್ಲಿ "ಉಣಕ್ಕಾನ್" ಅನ್ನಬೇಕಿತ್ತು. "ಉಣ್ಣಾನ್" ಅಂದುಬಿಟ್ಟೆ. ಅಡಕ್ಕ ಉಣ್ಣಾನ್! ಒಣಗಿಸುವುದಕ್ಕಲ್ಲ, ಅಡಿಕೆ ಊಟ ಮಾಡುವುದಕ್ಕೆ! ತಾರಸಿಗೆ ಸೋಲಾರ್ ಹಾಕಿಸುವ ಅರ್ಜಿ ಹಿಡಿದು ಇಲ್ಲಿ ಕೇರಳದ ಕಚೇರಿಗೆ ಹೋಗಿದ್ದೆ. ಬೆಳಗ್ಗಿನಿಂದ ಅದೊಂದೇ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ.

"ಇದ್ ಪ್ಯಾನೆಲೋ ಮೇಲ್ಕೂರಯೋ?" ಅಂತ ಕೇಳಿದ ಕಚೇರಿಯ ಆ ಮಹಾಶಯ. ಇದು ಪ್ಯಾನೆಲೋ, ಮನೆಯ ಮಾಡೋ (ಚಾವಣಿಯೋ) ಅಂತ. 3 ಕಿಲೋವ್ಯಾಟ್ ಸೋಲಾರಿಗೆ ಹತ್ತಿರಹತ್ತಿರ 30 ಚದರ ಮೀಟರ್ ಜಾಗ ಬೇಕು. ತಾರಸಿಯಲ್ಲೇ ಮಲಗಿಸಿದರೆ ಅಡಿಕೆ ಒಣಗಿಸುವ ಅರ್ಧ ತಾರಸಿ ಹೋಯಿತು. ಅದಕ್ಕೇ ಎಂಟಡಿ ಕಬ್ಬಿಣದ ಕಂಬದ ಮೇಲೆ ಎತ್ತಿ ಕೂರಿಸೋಣ ಅಂತಿದ್ದೆ. ಹಾಗೆ ಎತ್ತಿದರೆ ಅದು ಮಾಡು ಕಟ್ಟಿದ ಹಾಗಂತೆ. ಪ್ಲಾನ್ ತನ್ನಿ, ಪರ್ಮಿಟ್ ಮಾಡಿಸಿ ಅಂದ. ಎಷ್ಟಡಿವರೆಗೆ ಪ್ಯಾನೆಲು, ಎಲ್ಲಿಂದ ಮಾಡು? ಯಾರಿಗಾದರೂ ಗೊತ್ತಿದ್ದರೆ ಹೇಳಿ ಮಾರಾಯ್ರೆ!

ಅಷ್ಟೆತ್ತರ ಯಾಕೆ ಅಂದ. ಆಗಲೇ ನಾನು ಆ ಉಣ್ಣುವ ಮಾತು ಆಡಿದ್ದು. ಹಿಂದೆ ಸಾಲಿನಲ್ಲಿದ್ದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅದಾದರೂ ಸಾಯಲಿ. ಈತ ಪೆನ್ನು ಕೆಳಗಿಟ್ಟ. ನಿಧಾನಕ್ಕೆ, ಮಗುವಿಗೆ ಹೇಳುವ ಹಾಗೆ, "ಚೇಟ್ಟಾ, ಪ್ಯಾನೆಲಿನ ನೆರಳಲ್ಲಿ ಅಡಿಕೆ ಹೇಗೆ ಒಣಗುತ್ತದೆ?" ಅಂದ. ಪೂರ್ತಿ ಸಾಲೇ ನಕ್ಕಿತು. ನಾನೂ ನಕ್ಕೆ! ಯಾಕೆ ನಕ್ಕೆ ಅಂತ ಈಗಲೂ ತಿಳಿಯುತ್ತಿಲ್ಲ.

ಒಣಗಿಸುವುದು ಬಿಸಿಲು ಬೀಳುವ ಆಚೆ ಬದಿಯಲ್ಲಿ. ಅಕಾಲದ ಮಳೆ ಬಂದರೆ ಎಳೆದು ಹಾಕಲು ಪ್ಯಾನೆಲಿನ ಅಡಿ. ಮೇಲೊಂದು ಟರ್ಪಾಲು ಹೊದೆಸಿದರೆ ಆಯಿತು. ಇದನ್ನು ಬಸ್ಸು ಹತ್ತಿದ ಮೇಲೆ ಎಷ್ಟು ಚಂದ ಹೇಳಿದೆ ಗೊತ್ತಾ, ಮನಸ್ಸಿನಲ್ಲೇ, ಶುದ್ಧ ಮಲಯಾಳದಲ್ಲಿ.

ಕನ್ನಡದಲ್ಲೇ ಬರೆದ ಅರ್ಜಿಯೂ ಕೈಯಲ್ಲಿತ್ತು. ಕನ್ನಡದವರು ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು ಅಂತ 1969ರ ಕಾನೂನಿನಲ್ಲೇ ಉಂಟು. ತೆಗೆದು ಕೊಟ್ಟೆನಾ? ಇಲ್ಲ. ಮಡಚಿ ಜೇಬಿಗೆ ಹಾಕಿದೆ. ನನ್ನಂಥವರಿಗೆ ಕಾನೂನು ಇದ್ದರೆಷ್ಟು, ಬಿಟ್ಟರೆಷ್ಟು.

10 ಕಿಲೋವ್ಯಾಟ್‌ವರೆಗಿನ ಸೋಲಾರಿಗೆ ತಾಂತ್ರಿಕ ಪರಿಶೀಲನೆಯೇ ಬೇಡ ಅಂತ 2024ರಲ್ಲಿ ಕೇಂದ್ರದವರು ನಿಯಮ ತಂದಿದ್ದಾರಲ್ಲ ಅಂತಲೂ ಕೇಳಿ ನೋಡಿದೆ. ಅದು ಕರೆಂಟಿನವರಿಗೆ, ನಿಮ್ಮ ಕಬ್ಬಿಣದ ಕಂಬಕ್ಕಲ್ಲ ಅಂದ. ಅದು ಸರಿಯೇ ಇರಬೇಕು, ಅದೇ ಹೊಟ್ಟೆ ಉರಿಯುವುದು.

ಬೇಡ ಈ ಸೋಲಾರ್. ಎರಡು ತಿಂಗಳಿಗೊಮ್ಮೆ ಬಿಲ್ಲು ಬರಲಿ, ಕಟ್ಟುತ್ತೇನೆ. ಆದರೆ 78,000 ರೂಪಾಯಿ ಸಬ್ಸಿಡಿ ಬಿಡುವುದು ಹೇಗೆ? ಸುಮ್ನೆ ತಾರಸಿಗೆ ಅಂಟಿಸಿಬಿಡಲಾ? ಆಮೇಲೆ ಅಡಿಕೆಯನ್ನು ನನ್ನ ತಲೆಯ ಮೇಲೆ ಹರವಬೇಕು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಮಧ್ಯಾಹ್ನ ಎಲೆ ಹಾಕುತ್ತಾ ಮಗಳು, "ಅಪ್ಪಾ, ಅನ್ನ ಬೇಕಾ, ಅಡಿಕೆ ಸಾಕಾ?" ಅಂದಳು.

ಸೋಮವಾರ ಮತ್ತೆ ಹೋಗಬೇಕು. ಅವಳನ್ನೇ ಕರೆದುಕೊಂಡು ಹೋಗುತ್ತೇನೆ. ಅವಳ ಮಲಯಾಳ ಒಳ್ಳೆಯದುಂಟು.