ಕಸದಿಂದ ರಸ, ಅವೆನ್ಯೂ ರೋಡಿನಿಂದ ಕಸ

ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕಸ ಕೊಳ್ಳುವವರೂ ಇದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಪ್ರತಿ ಬೀದಿಯ ಮೂಲೆಯಲ್ಲೂ ಬಿಟ್ಟಿ ಬಿದ್ದಿರುವ ಮಾಲು ಅದು. ಆದರೆ ಟೀಚರುಗಳು ಪಾಠಕ್ಕೆಂದು ತಾವೇ ಮಾಡಿದ ಮಾದರಿಗಳನ್ನು ಸ್ಪರ್ಧೆಗಿಡುವ ಕಲಿಕೋಪಕರಣ ಮೇಳದ ಸುತ್ತೋಲೆ ಬಂದ ವಾರ ಸುಲ್ತಾನ್‌ಪೇಟೆ, ಅವೆನ್ಯೂ ರೋಡ್ ಕಡೆ ಒಂದು ಸುತ್ತು ಹೋಗಿ ಬನ್ನಿ. ಪ್ರೈಮರಿ ಶಾಲೆಯ ಟೀಚರುಗಳು ಚೀಲ ಹಿಡಿದು ನಿಂತಿರುತ್ತಾರೆ. ಯಾರೂ ಐಸ್‌ಕ್ರೀಮ್ ತಿನ್ನದ ಐಸ್‌ಕ್ರೀಮ್ ಕಡ್ಡಿ, ಯಾರೂ ಉಣ್ಣದ ಪೇಪರ್ ಪ್ಲೇಟು, ಯಾವ ಬಾಟಲಿಯ ಮೇಲೂ ಕೂರದ ಬಾಟಲಿ ಮುಚ್ಚಳ, ಎಲ್ಲವೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಮೇಳದ ವಿಷಯ 'ಕಸದಿಂದ ರಸ'. ಬಳಸಿ ಎಸೆದ ಕಸ ತಂದರೆ ಮೇಜಿನ ಮೇಲೆ ಕೊಳಕಾಗಿ ಕಾಣುತ್ತದಲ್ಲ, ಅದಕ್ಕೇ ಹೊಸ ಕಸ.

'ಕಡಿಮೆ ವೆಚ್ಚ, ಶೂನ್ಯ ವೆಚ್ಚ' ಎಂಬ ಇನ್ನೊಂದು ಷರತ್ತೂ ಉಂಟು. ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಕಲಿಕೋಪಕರಣ ಮಾಡಿಕೊಳ್ಳಲು ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕೊಡುತ್ತಿದ್ದರು. ಆ ದುಡ್ಡು ಹಿಡಿದು ಈಗ ಹೋದರೆ ಲ್ಯಾಮಿನೇಷನ್ ಅಂಗಡಿಯವನು ಮುಖ ಎತ್ತಿಯೂ ನೋಡುವುದಿಲ್ಲ. ಹಾಗಾಗಿ ಶೂನ್ಯ ವೆಚ್ಚ ಎಂದರೆ ಇಲಾಖೆಗೆ ಶೂನ್ಯ ಎಂದು ತಿಳಿಯತಕ್ಕದ್ದು. ಉಳಿದದ್ದು ಮೇಡಂ ಸಂಬಳದಿಂದ, ಕತ್ತರಿಸುವ ಕೆಲಸ ಮೇಡಂ ಯಜಮಾನರಿಂದ. ಬನಶಂಕರಿಯಿಂದ ಯಲಹಂಕದವರೆಗೆ ರಾತ್ರಿ ಹನ್ನೊಂದರ ಮೇಲೆ ಥರ್ಮೋಕೋಲ್ ಕೊಯ್ಯುತ್ತಾ ಕೂತ ಗಂಡಸರ ಸಂಘ ಕಟ್ಟಿದರೆ ಮುಂದಿನ ಚುನಾವಣೆಯಲ್ಲಿ ಯಾರಾದರೂ ಅವರಿಗೊಂದು ಗ್ಯಾರಂಟಿ ಘೋಷಿಸಿಯಾರು.

ಥರ್ಮೋಕೋಲ್ ಅಂದೆನಲ್ಲ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಮೇಳಕ್ಕೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ಪ್ಲಾಸ್ಟಿಕ್ ತ್ಯಜಿಸಿ ಎಂದು ಬರೆದ ಮಾದರಿಯನ್ನು ನಾನು ಥರ್ಮೋಕೋಲಿನಲ್ಲೇ ನೋಡಿದ್ದೇನೆ. ಬಹುಮಾನವೂ ಬಂತು ಅದಕ್ಕೆ.

ಮೇಳದ ವೈಭವ ಮಾತ್ರ ಒಪ್ಪಬೇಕಾದ್ದೇ. ಬಿಡಿ, ಹತ್ತು, ನೂರು ಕಲಿಸಲು ಮೂರಂತಸ್ತಿನ ಮನೆ, ಲೈಟು ಬೇರೆ. ಕಡ್ಡಿ ಹತ್ತಾದರೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡುವ ಹಳೇ ಉಪಾಯಕ್ಕೆ ಇಲ್ಲಿ ಮರ್ಯಾದೆಯಿಲ್ಲ. ಪಕ್ಕದ ಮೇಜಿನಲ್ಲಿ ಕಾಗುಣಿತ ಚಕ್ರ. ಸಾದಾ ಚಕ್ರವನ್ನು ಮಗು ಕೈಯಲ್ಲಿ ತಿರುಗಿಸಿ ಕ, ಕಾ, ಕಿ, ಕೀ ಎಂದು ತನಗೆ ಬೇಕಾದ ಕಡೆ ನಿಲ್ಲಿಸಿ ಓದುತ್ತದೆ. ಇದಕ್ಕೆ ಮೋಟಾರು ಕೂರಿಸಿದ್ದರು. ಮಗು ಬಾಯಿ ತೆರೆಯುವ ಮೊದಲೇ 'ಕ' ಹೋಗಿ 'ಕೌ' ಬಂದಿರುತ್ತಿತ್ತು. ನಿರ್ಣಾಯಕರು ತಲೆ ಸುತ್ತುವವರೆಗೆ ನೋಡಿ ಪೂರ್ತಿ ಅಂಕ ಕೊಟ್ಟರು.

ಖಾಸಗಿ ಶಾಲೆಗಳದ್ದು ಇನ್ನೊಂದು ಲೋಕ. ಅಲ್ಲಿ ಟೀಚರ್ ತಯಾರಿಸುವ ಸಾಮಗ್ರಿ ಪ್ರಿಂಟರಿನಿಂದ ಬರುತ್ತದೆ, ಪ್ರಿಂಟರಿಗೆ ಅಮೆರಿಕದಿಂದ. ಒಂದನೇ ಕ್ಲಾಸಿನ ಮಗು ಹಿಮದ ಬೊಂಬೆ ಎಣಿಸುತ್ತದೆ. ಮೈಸೂರಿನಾಚೆಗೆ ಪ್ರವಾಸ ಹೋಗದ ಮಗು ಡೈಮು, ಕ್ವಾರ್ಟರು ಎಂಬ ಅಮೆರಿಕದ ಚಿಲ್ಲರೆ ಕೂಡಿಸಿ ಗೊಂಬೆಯ ಬೆಲೆ ಹೇಳುತ್ತದೆ. ಸಂಜೆ ಅಂಗಡಿಯಲ್ಲಿ ಐದು ರೂಪಾಯಿ ನಾಣ್ಯ ಕೊಟ್ಟರೆ ತಿರುಗಿಸಿ ನೋಡುತ್ತದೆ, ಮನೆಯಲ್ಲಿ ಎಲ್ಲದಕ್ಕೂ ಸ್ಕ್ಯಾನ್ ಮಾಡುವವರೇ. ಭಿನ್ನರಾಶಿಗೆ ಪಿಜ್ಜಾ. ದೋಸೆ ಯಾಕಿಲ್ಲ ಎಂದು ಒಬ್ಬ ಟೀಚರನ್ನು ಕೇಳಿದೆ. "ದೋಸೆ ಡೌನ್‌ಲೋಡ್ ಆಗಲ್ಲ ಸರ್" ಅಂದರು. ಮಸಾಲೆ ದೋಸೆಗೆ ಜನ ಕ್ಯೂ ನಿಲ್ಲುವ ಊರಿನಲ್ಲಿ!

ಹೀಗೇ ಇರಬೇಕಿತ್ತೆಂದೇನಿಲ್ಲ. ಮಗು ನಲಿಯುತ್ತಾ ತನ್ನ ವೇಗದಲ್ಲಿ ಕಲಿಯುವ 'ನಲಿ-ಕಲಿ' ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದಾಗ, ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದ ಮೇಷ್ಟ್ರುಗಳೇ ಕೂತು ಕಲಿಕಾ ಕಾರ್ಡು ಬರೆದರು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು ತಾನೇ ಕಾರ್ಡು ಎತ್ತಿಕೊಳ್ಳಬೇಕು. ಗೋಡೆಯ ತಳದಲ್ಲಿ ಮಗುವಿನ ಕೈಗೆಟುಕುವಂತೆ ಕಪ್ಪುಹಲಗೆ. ಮಗು ಬರೆದದ್ದು, ಅಂಟಿಸಿದ್ದು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗಬೇಕು. ಕಾರ್ಡು ಹರಿದರೆ ಸಂತೋಷ, ಯಾರೋ ಓದಿದ್ದಾರೆ ಎಂದರ್ಥ.

ಈಗ ಕಾರ್ಡು ಹರಿದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕು. ಸರ್ಕಾರ ಕೊಟ್ಟದ್ದು, ದಾನಿಗಳು ಕೊಟ್ಟದ್ದು, ಮೇಡಂ ಮಾಡಿದ್ದು ಎಲ್ಲವೂ ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಕ್ಷೇಮ. ಅಧಿಕಾರಿಗಳು ಬಂದ ದಿನ ಹೊರಗೆ ಬರುತ್ತದೆ. ದಸರಾ ಗೊಂಬೆ ಕೂರಿಸಿದ ಮನೆಯಲ್ಲಿ ಹೇಳುವ ಹಾಗೆ, ನೋಡಿ, ಮುಟ್ಟಬೇಡಿ. ಫೋಟೋ ತೆಗೆಯುವಾಗ ಮಾತ್ರ ಒಂದು ಮಗು ಮಣಿಚೌಕಟ್ಟಿನ ಮೇಲೆ ಬೆರಳಿಟ್ಟು ನಗಬೇಕು. ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ, ಜಾಗ, ದಿನಾಂಕ, ಸಮಯದ ಮೊಹರಿನೊಡನೆ. ಮಗುವಿಗೆ ಕೂಡಲು ಬಂತೇ ಎಂಬ ಕಾಲಂ ಆ ಮೊಹರಿನಲ್ಲಿ ಇಲ್ಲ. 2021ರ ಜುಲೈ 5ರಂದು ಹೊರಟ ನಿಪುಣ್ ಭಾರತ್ ಯೋಜನೆಯ ಪ್ರಕಾರ 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಮೂಲ ಲೆಕ್ಕ ಮಾಡಬೇಕು. ಗಡುವು ಹತ್ತಿರ ಬಂದಷ್ಟೂ ಮೇಳ ಜಾಸ್ತಿ, ಮೇಳ ಜಾಸ್ತಿಯಾದಷ್ಟೂ ಮೇಡಂ ತರಗತಿಯಲ್ಲಿ ಕಮ್ಮಿ. ಈ ವಿಲೋಮ ಅನುಪಾತಕ್ಕೂ ಯಾರಾದರೂ ಒಂದು ಮಾದರಿ ಮಾಡಬಹುದಿತ್ತು.

ಮೇಳದ ಕೊನೆಯ ಮೇಜಿನಲ್ಲಿ ಒಬ್ಬ ಮೇಡಂ ಒಂದು ಕಟ್ಟು ಬಿಎಂಟಿಸಿ ಟಿಕೆಟ್ ಇಟ್ಟುಕೊಂಡು ಕೂತಿದ್ದರು. ಮಕ್ಕಳೇ ಮನೆಯಿಂದ ತಂದದ್ದು. ಅಪ್ಪನ ಟಿಕೆಟ್ಟಿನಲ್ಲಿ ದುಡ್ಡು, ಅಮ್ಮನದರಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಸೊನ್ನೆ. ಎರಡನ್ನೂ ಕೂಡಿಸಿ ಎನ್ನುತ್ತಾರಂತೆ. ಸೊನ್ನೆ ಕೂಡಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಮಕ್ಕಳು ತಾವೇ ಕಂಡುಕೊಂಡರಂತೆ. ಅಮ್ಮನ ಜೊತೆ ಹೋದರೆ ಅಗ್ಗ ಎಂದೂ. ಬಸ್ಸಿನ ಹಣೆಯ 500-ಡಿ ನೋಡಿ ಅಂಕಿ, ಬೋರ್ಡು ನೋಡಿ ಒತ್ತಕ್ಷರ. ಖರ್ಚು ನಿಜಕ್ಕೂ ಸೊನ್ನೆ, ಕಸ ನಿಜಕ್ಕೂ ಕಸ.

ನಿರ್ಣಾಯಕರು ಕಟ್ಟನ್ನು ತಿರುವಿಹಾಕಿ, "ಇದು ಟಿಕೆಟ್ಟಲ್ವಾ ಮೇಡಂ? ಉಪಕರಣ ಎಲ್ಲಿ?" ಎಂದರು. ಆಕರ್ಷಣೆಗೆ ಅಂಕ ಬೀಳಲಿಲ್ಲ.

ಮೊದಲ ಬಹುಮಾನ ಮೂರಂತಸ್ತಿನ ಮನೆಗೆ. ಅದನ್ನು ಮಾಡಿದ ಮೇಡಂ ಹಾರ, ಪ್ರಮಾಣಪತ್ರ ಹಿಡಿದುಕೊಂಡೇ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ಹೋದರು.

"ಸರ್, ಮುಗೀತಲ್ಲ, ಇದನ್ನ ಕ್ಲಾಸಿಗೆ ತಗೊಂಡು ಹೋಗ್ಲಾ? ಮಕ್ಕಳು ದಿನಾ ಕೇಳ್ತಿದಾರೆ."

"ಅಯ್ಯೋ, ಮಕ್ಕಳ ಕೈಗೆ ಸಿಕ್ಕರೆ ಉಳಿಯುತ್ತಾ ಮೇಡಂ? ಜಿಲ್ಲಾ ಮಟ್ಟಕ್ಕೆ ಬೇಕು."

"ಅದಾದ್ಮೇಲೆ?"

"ಮುಂದಿನ ವರ್ಷದ ಮೇಳಕ್ಕೆ ಇಡಿ. ಬಣ್ಣ ಒಂದು ಬದಲಾಯಿಸಿದ್ರೆ ಆಯ್ತು."